ಹೆದ್ದಾರಿಯ ಕೇಸ್‌ಶೀಟ್ ಓದುವುದು ಹೇಗೆ?

ನಮ್ಮದು ರಾಷ್ಟ್ರೀಯ ಹೆದ್ದಾರಿಯ ಮಗ್ಗುಲಲ್ಲಿರುವ ಒಂದು ತಾಲ್ಲೂಕು ಕೇಂದ್ರ. ನನ್ನ ಕ್ಲಿನಿಕ್ಕಿಗೆ ಬರುವವರಲ್ಲಿ ಕೆಮ್ಮು, ಜ್ವರ, ಸಕ್ಕರೆ ಕಾಯಿಲೆ, ರಕ್ತದೊತ್ತಡದವರೇ ಹೆಚ್ಚು. ನಡುನಡುವೆ, ಸಾಮಾನ್ಯವಾಗಿ ಸಂಜೆಯ ಹೊತ್ತು, ಬಾಗಿಲ ಮುಂದೆ ಆಟೋ ಒಂದು ಬಂದು ನಿಲ್ಲುತ್ತದೆ. ಒಳಗೆ ರಕ್ತದಲ್ಲಿ ನೆನೆದ ಟವೆಲನ್ನು ಹಣೆಗೆ ಒತ್ತಿಕೊಂಡ ಒಬ್ಬರು, ಅವರನ್ನು ಒರಗಿಸಿಕೊಂಡ ಇನ್ನೊಬ್ಬರು.

ಕೆಲವು ವರ್ಷಗಳ ಹಿಂದೆ ಹಾಗೆ ಬಂದವರು ಡೇರಿಗೆ ಹಾಲು ಹಾಕಿ ಮೊಪೆಡ್‌ನಲ್ಲಿ ಮನೆಗೆ ಹೊರಟಿದ್ದ ರೈತರು. ಹಳ್ಳಿಯ ರಸ್ತೆ ಹೆದ್ದಾರಿಗೆ ಸೇರುವಲ್ಲಿ ಡಿವೈಡರ್ ನಡುವೆ ಬಿಟ್ಟಿದ್ದ ಸಂದಿಯಲ್ಲಿ ದಾಟುವಾಗ ಕಾರು ತಗುಲಿತ್ತು. ಹುಬ್ಬು ಸೀಳಿತ್ತು, ಕೊರಳೆಲುಬು ಮುರಿದಿತ್ತು. ಹೊಲಿಗೆ ಹಾಕಿ ಮುಗಿಸುವಾಗ ಅವರ ಭಾಮೈದ ನನ್ನನ್ನು ಪಕ್ಕಕ್ಕೆ ಕರೆದ. "ಸಾರ್, ಆಕ್ಸಿಡೆಂಟ್ ಅಂತ ಬರೀಬೇಡಿ. ಜಾರಿ ಬಿದ್ರು ಅಂತ ಬರೆದುಬಿಡಿ. ಕಾರಿನವರು ಖರ್ಚಿಗೆ ಐದು ಸಾವಿರ ಕೊಟ್ಟಿದಾರೆ. ಸ್ಟೇಷನ್ನು, ಕೋರ್ಟು ಅಂತ ಅಲೆಯೋಕೆ ನಮ್ಮ ಕೈಲಿ ಆಗಲ್ಲ" ಎಂದ.

ನಾನು ಹಾಗೆಯೇ ಬರೆದೆ. ಪೊಲೀಸರಿಗೆ ತಿಳಿಸಲಿಲ್ಲ. ಮೂಳೆ ತಜ್ಞರಿಗೆ ಕೊಟ್ಟ ಚೀಟಿಯಲ್ಲೂ 'ಜಾರಿ ಬಿದ್ದು ಪೆಟ್ಟು' ಎಂದೇ ಇತ್ತು. ಬಡವರಿಗೆ ಉಪಕಾರ ಮಾಡಿದೆ ಎಂಬ ಸಮಾಧಾನವೂ ಇತ್ತು. ಮುಂದಿನ ಎರಡು ವರ್ಷಗಳಲ್ಲಿ ಅದೇ ಸಂದಿಯಿಂದ ಇನ್ನೂ ಮೂವರು ಕೈಕಾಲು ಮುರಿದುಕೊಂಡು ನನ್ನಲ್ಲಿಗೆ ಬಂದರು. ಮೂವರಿಗೂ ಅದೇ ಉಪಕಾರವಾಯಿತು.

ಐದನೆಯವರು ನನ್ನ ಕ್ಲಿನಿಕ್ ತಲುಪಲಿಲ್ಲ. ಮಗಳನ್ನು ಶಾಲೆಯಿಂದ ಕರೆತರಲು ಹೊರಟಿದ್ದ ತಂದೆ, ಸ್ಥಳದಲ್ಲಿಯೇ ತೀರಿಕೊಂಡರು. ಊರಿನವರು ಹೋಗಿ ಸಂದಿ ಮುಚ್ಚಿಸಿ, ಕೆಳಸೇತುವೆಯನ್ನಾದರೂ ಮಾಡಿಸಿ ಎಂದು ಕೇಳಿದಾಗ ಎಂಜಿನಿಯರರು ಕಡತ ತೆಗೆದು ನೋಡಿ ಹೇಳಿದರಂತೆ: "ದಾಖಲೆ ಪ್ರಕಾರ ಆ ಜಾಗದಲ್ಲಿ ಮೂರು ವರ್ಷಕ್ಕೆ ಒಂದೇ ಅಪಘಾತ." ಅವರು ಸುಳ್ಳು ಹೇಳಲಿಲ್ಲ. ಉಳಿದ ನಾಲ್ಕು ಅಪಘಾತಗಳು ದಾಖಲೆಯಲ್ಲಿ ಇಲ್ಲದಂತೆ ಮಾಡಿದವರಲ್ಲಿ ನಾನೂ ಒಬ್ಬ.

ಈ ವಾರದ ಅಂಕಣ ಆ ತಪ್ಪಿನಿಂದ ಹುಟ್ಟಿದೆ. ಜ್ವರಕ್ಕೆ ಚಾರ್ಟು, ಸಕ್ಕರೆ ಕಾಯಿಲೆಗೆ ರಕ್ತಪರೀಕ್ಷೆಯ ಚೀಟಿ ಇರುವಂತೆ ರಸ್ತೆಗೂ ಒಂದು ಕೇಸ್‌ಶೀಟ್ ಇದೆ. ಅದನ್ನು ಸರ್ಕಾರ ಬರೆಯುತ್ತದೆ. ಅದರಲ್ಲಿ ಏನಿದೆ, ಏನಿಲ್ಲ, ಅದನ್ನು ಯಾರು ಪರಿಶೀಲಿಸಬೇಕು ಎಂಬುದನ್ನು ಮನೆಮಂದಿಯೆಲ್ಲ ತಿಳಿದಿದ್ದರೆ ಒಳ್ಳೆಯದು.

ಈ ರೋಗ ಎಷ್ಟು ದೊಡ್ಡದು?

ಕೇಂದ್ರದ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯ ಪ್ರತಿ ವರ್ಷದ ರಸ್ತೆ ಅಪಘಾತಗಳ ಬಗ್ಗೆ ಒಂದು ವರದಿ ಪ್ರಕಟಿಸುತ್ತದೆ. ಅದರ ಪ್ರಕಾರ 2022ರಲ್ಲಿ ದೇಶದಲ್ಲಿ 4,61,312 ಅಪಘಾತಗಳಾಗಿ 1,68,491 ಜನ ಸತ್ತರು. 2023ರಲ್ಲಿ ಸತ್ತವರು 1,72,890 ಜನ, ಎಂದರೆ ದಿನಕ್ಕೆ ಸುಮಾರು 474, ಗಂಟೆಗೆ ಹತ್ತಿರ ಹತ್ತಿರ 20. ಕರ್ನಾಟಕದಲ್ಲಿ 2022ರಲ್ಲಿ 11,702 ಇದ್ದ ಸಾವಿನ ಸಂಖ್ಯೆ 2023ರಲ್ಲಿ 12,321ಕ್ಕೆ ಏರಿತು. ನಮ್ಮ ರಾಜ್ಯದಲ್ಲೇ ದಿನಕ್ಕೆ ಸುಮಾರು 34 ಮನೆಗಳಲ್ಲಿ ಗೋಳು.

ಅದೇ ವರದಿಯ ಇನ್ನೊಂದು ಅಂಶ ನೋಡಿ. ದೇಶದ ಒಟ್ಟು ರಸ್ತೆ ಉದ್ದದಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಪಾಲು ನೂರಕ್ಕೆ ಎರಡರಷ್ಟು ಮಾತ್ರ. 2022ರ ಸಾವುಗಳಲ್ಲಿ ಅವುಗಳ ಪಾಲು ನೂರಕ್ಕೆ 36. ದೇಹದ ಒಂದು ಸಣ್ಣ ಭಾಗದಲ್ಲಿ ಇಷ್ಟು ನೋವಿದ್ದರೆ ವೈದ್ಯನಾದವನು ಮೊದಲು ಅಲ್ಲಿಗೇ ಕೈ ಹಾಕಬೇಕು. ಹೆದ್ದಾರಿ ಸುರಕ್ಷತೆಗೆ ಪ್ರತ್ಯೇಕ ಕಾರ್ಯಕ್ರಮಗಳು, ಪ್ರತ್ಯೇಕ ಹಣ ಬೇಕಾಗಿರುವುದು ಇದಕ್ಕೇ.

ವೈದ್ಯರಾದ ನಮಗೆ ಈ ಪುಸ್ತಕದಲ್ಲಿ ಉಪಯೋಗಕ್ಕೆ ಬರುವ ಪಾಠಗಳು ಬಹಳ ಇವೆ. 2022ರಲ್ಲಿ ಹೆಲ್ಮೆಟ್ ಧರಿಸದೆ ಸತ್ತವರು 50,029 ಜನ. ಅವರಲ್ಲಿ 14,337 ಜನ ಗಾಡಿ ಓಡಿಸುತ್ತಿದ್ದವರಲ್ಲ, ಹಿಂದೆ ಕುಳಿತವರು. ಸೀಟ್ ಬೆಲ್ಟ್ ಹಾಕದೆ ಸತ್ತವರು 16,715 ಜನ, ಅವರಲ್ಲಿ ಸರಿಸುಮಾರು ಅರ್ಧದಷ್ಟು ಜನ ಪ್ರಯಾಣಿಕರು. 'ಹಿಂದೆ ಕೂರೋರಿಗೆ ಯಾಕೆ ಹೆಲ್ಮೆಟ್ಟು?' ಎಂದು ಕೇಳುವ ಮನೆಯವರಿಗೆ ಈ ಒಂದು ಅಂಕಿ ಸಾಕು. ಲೆಕ್ಕ ಬರೆದಿಟ್ಟದ್ದರಿಂದ ತಾನೇ ಇದು ಗೊತ್ತಾದದ್ದು?

ಲೆಕ್ಕ ಎಲ್ಲಿಂದ ಬರುತ್ತದೆ?

ಮೂಲ ಪೊಲೀಸ್ ಠಾಣೆ. ಅಪಘಾತದ ದೂರು ದಾಖಲಾದಾಗ ಅದರ ವಿವರಗಳು ನಿಗದಿತ ನಮೂನೆಯಲ್ಲಿ ಜಿಲ್ಲೆಗೆ, ರಾಜ್ಯಕ್ಕೆ, ಅಲ್ಲಿಂದ ದಿಲ್ಲಿಗೆ ಹೋಗುತ್ತವೆ. ಅಪಘಾತವಾದ 30 ದಿನಗಳೊಳಗೆ ಗಾಯಾಳು ಸತ್ತರೆ ಅದನ್ನು ರಸ್ತೆ ಅಪಘಾತದ ಸಾವೆಂದು ಎಣಿಸಬೇಕು. ಹಳ್ಳಿಯಲ್ಲಿ ಬಿದ್ದವರು ದೊಡ್ಡ ಊರಿನ ಆಸ್ಪತ್ರೆಯಲ್ಲಿ ಹದಿನೈದು ದಿನ ಒದ್ದಾಡಿ ತೀರಿಕೊಂಡರೆ ಆ ಸುದ್ದಿ ಮೂಲ ಠಾಣೆಗೆ ಹಿಂತಿರುಗಿ ಬರಬೇಕು. ಬಾರದಿದ್ದರೆ ಆ ಸಾವು ಗಾಯದ ಲೆಕ್ಕದಲ್ಲಿಯೇ ಉಳಿದುಬಿಡುತ್ತದೆ.

ಸರ್ಕಾರದ್ದೇ ಇನ್ನೊಂದು ಸಂಸ್ಥೆಯಾದ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಕೂಡ ವರ್ಷವರ್ಷ ರಸ್ತೆ ಸಾವುಗಳ ಲೆಕ್ಕ ಕೊಡುತ್ತದೆ. 2022ಕ್ಕೆ ಅದು ಕೊಟ್ಟ ಸಂಖ್ಯೆ 1,71,100. ಸಚಿವಾಲಯದ ಸಂಖ್ಯೆಗಿಂತ ಇದು ಎರಡೂವರೆ ಸಾವಿರಕ್ಕೂ ಹೆಚ್ಚು. ಒಂದೇ ವರ್ಷ, ಒಂದೇ ದೇಶ, ಎರಡು ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಂತೂ ಇನ್ನೂ ದೂರದ್ದು. 2016ರಲ್ಲಿ ನಮ್ಮ ಸರ್ಕಾರದ ಲೆಕ್ಕ 1,50,785 ಇದ್ದಾಗ ಆ ಸಂಸ್ಥೆ ಅದೇ ವರ್ಷಕ್ಕೆ 2,99,091 ಎಂದು ಅಂದಾಜು ಮಾಡಿತು. ಅಂದಾಜಿನಲ್ಲಿ ಹೆಚ್ಚುಕಡಿಮೆ ಇರಬಹುದು. ಆದರೆ ಸಾವು ಮುಚ್ಚಿಡಲು ಕಷ್ಟ, ಗಾಯ ಮುಚ್ಚಿಡಲು ಬಹಳ ಸುಲಭ ಎಂಬುದನ್ನು ನಾನು ಸ್ವಂತ ಅನುಭವದಿಂದ ಹೇಳಬಲ್ಲೆ. ನಮ್ಮ ವರದಿಗಳಲ್ಲಿ ಗಾಯಾಳುಗಳ ಸಂಖ್ಯೆ ಸತ್ತವರ ಸಂಖ್ಯೆಯ ಮೂರು ಪಟ್ಟೂ ಇಲ್ಲ. ಯಾವುದೇ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಒಂದು ರಾತ್ರಿ ಕುಳಿತ ವೈದ್ಯ ಇದನ್ನು ನಂಬಲಾರ.

ಇದನ್ನು ಸರಿಪಡಿಸಲು ಒಂದು ಪ್ರಯತ್ನ ನಡೆದಿದೆ. ಐಐಟಿ ಮದ್ರಾಸ್ ರೂಪಿಸಿದ 'ಐರಾಡ್' ಎಂಬ ಕಂಪ್ಯೂಟರ್ ವ್ಯವಸ್ಥೆ ಮೊದಲು ಆರು ರಾಜ್ಯಗಳಲ್ಲಿ ಪ್ರಯೋಗಕ್ಕೆ ಬಂತು. ಅವುಗಳಲ್ಲಿ ಕರ್ನಾಟಕವೂ ಒಂದು. ಪೊಲೀಸರು ಸ್ಥಳದಲ್ಲಿಯೇ ಮೊಬೈಲಿನಲ್ಲಿ ಜಾಗದ ಗುರುತು, ಫೋಟೋ ಸೇರಿಸುತ್ತಾರೆ. ಸಾರಿಗೆ ಇಲಾಖೆಯವರು ವಾಹನದ ಸ್ಥಿತಿ, ಹೆದ್ದಾರಿ ಇಲಾಖೆಯವರು ರಸ್ತೆಯ ಸ್ಥಿತಿ, ಆಸ್ಪತ್ರೆಯವರು ಗಾಯದ ವಿವರ ತುಂಬಬೇಕು. ನಾಲ್ವರೂ ತಮ್ಮ ತಮ್ಮ ಪಾಲು ತುಂಬಿದರೆ ಅದು ಒಳ್ಳೆಯ ಕೇಸ್‌ಶೀಟ್. ಒಬ್ಬರು ಬಿಟ್ಟರೂ ಅದು ಅರ್ಧ ಕೇಸ್‌ಶೀಟ್.

ಕಾರಣದ ಕಾಲಂ

ವೈದ್ಯಕೀಯ ವಿದ್ಯಾರ್ಥಿಗಳಿಗೆ ಮರಣ ಪ್ರಮಾಣಪತ್ರ ಬರೆಯುವುದನ್ನು ಕಲಿಸುವಾಗ ಒಂದು ಮಾತು ಹೇಳಿಕೊಡುತ್ತಾರೆ. ಸಾವಿನ ಕಾರಣದ ಜಾಗದಲ್ಲಿ 'ಹೃದಯ ನಿಂತಿತು, ಉಸಿರು ನಿಂತಿತು' ಎಂದು ಬರೆಯಬೇಡಿ ಎಂದು. ಸತ್ತವರೆಲ್ಲರ ಹೃದಯವೂ ನಿಂತಿರುತ್ತದೆ. ಏಕೆ ನಿಂತಿತು ಎಂದು ಬರೆದರೆ ಮಾತ್ರ ಮುಂದಿನವರನ್ನು ಉಳಿಸಲು ದಾರಿ ಸಿಗುತ್ತದೆ.

ರಸ್ತೆಯ ಲೆಕ್ಕದಲ್ಲಿಯೂ ಅಂಥ ಒಂದು ಮಾತಿದೆ, 'ಅತಿವೇಗ'. 2022ರ ಸಾವುಗಳಲ್ಲಿ ನೂರಕ್ಕೆ 71ಕ್ಕೆ ಕಾರಣ ಅತಿವೇಗ ಎಂದು ವರದಿ ಹೇಳುತ್ತದೆ. ವೇಗ ಕೊಲ್ಲುತ್ತದೆ ಎಂಬುದರಲ್ಲಿ ನನಗೆ ಲವಲೇಶವೂ ಸಂದೇಹವಿಲ್ಲ. ವೇಗ ಹೆಚ್ಚಿದಷ್ಟೂ ತಲೆಗೆ, ಎದೆಗೆ ಬೀಳುವ ಹೊಡೆತ ಎಷ್ಟೋ ಪಟ್ಟು ಹೆಚ್ಚುತ್ತದೆ. ಆದರೆ ಠಾಣೆಯಲ್ಲಿ ದೂರು ದಾಖಲಾಗುವುದು ಚಾಲಕನ ಮೇಲೆ. ಅಜಾಗರೂಕತೆ, ಅತಿವೇಗ ಎಂಬ ಪದಗಳು ಬರೆಯುವವರ ಕೈಗೆ ತಾವಾಗಿಯೇ ಬರುತ್ತವೆ. ಹಳ್ಳಿಯ ಬಾಯಿಗೆ ಸರಿಯಾಗಿ ಡಿವೈಡರ್‌ನಲ್ಲಿ ಸಂದಿ ಬಿಟ್ಟದ್ದು, ಅಲ್ಲಿ ದೀಪವಿಲ್ಲದ್ದು, ಲಾರಿಗಳು ರಸ್ತೆ ಬದಿಯಲ್ಲೇ ನಿಲ್ಲುವುದು, ಶಾಲೆ ಒಂದು ಕಡೆ ಬಸ್ ನಿಲ್ದಾಣ ಇನ್ನೊಂದು ಕಡೆ ಇರುವುದು, ಇವೆಲ್ಲ ಆ ಕಾಲಂನಲ್ಲಿ ಕಾಣುವುದೇ ಅಪರೂಪ. ಹೀಗಾಗಿ ವರದಿ ಓದಿದವರಿಗೆ ತಪ್ಪೆಲ್ಲ ಓಡಿಸಿದವನದು, ರಸ್ತೆ ಕಟ್ಟಿದವರು ಮತ್ತು ನೋಡಿಕೊಳ್ಳಬೇಕಾದವರು ನಿರಪರಾಧಿಗಳು ಎನಿಸುತ್ತದೆ.

ಈ ಯೋಚನೆಯನ್ನು ಬದಲಿಸಿದವರಲ್ಲಿ ಮುಖ್ಯರಾದವರು ಒಬ್ಬ ವೈದ್ಯರು, ಅಮೆರಿಕದ ಡಾ. ವಿಲಿಯಂ ಹ್ಯಾಡನ್. 1966ರಲ್ಲಿ ಅಲ್ಲಿ ಹೆದ್ದಾರಿ ಸುರಕ್ಷತಾ ಕಾಯ್ದೆ ಬಂತು. ಪ್ರತಿ ರಾಜ್ಯವೂ ಹೆದ್ದಾರಿ ಸುರಕ್ಷತಾ ಕಾರ್ಯಕ್ರಮ ನಡೆಸಬೇಕು ಎಂದು ಅದು ವಿಧಿಸಿತು. ಅದನ್ನು ನೋಡಿಕೊಳ್ಳುವ ಕೇಂದ್ರ ಕಚೇರಿಗೆ ಹ್ಯಾಡನ್ ಮೊದಲ ಮುಖ್ಯಸ್ಥರಾದರು. ಕಾಲರಾ, ಮಲೇರಿಯಾಗಳನ್ನು ನೋಡುವಂತೆಯೇ ಅಪಘಾತವನ್ನೂ ನೋಡಬೇಕು ಎಂಬುದು ಅವರ ವಾದ. ಅಪಘಾತಕ್ಕೆ ಮುಂಚೆ, ಆಗುವಾಗ, ಆದ ಮೇಲೆ ಎಂದು ಮೂರು ಹಂತ. ಪ್ರತಿ ಹಂತದಲ್ಲೂ ಮನುಷ್ಯ, ವಾಹನ, ರಸ್ತೆ ಎಂದು ಮೂರು ಪಾಲು. ಒಟ್ಟು ಒಂಬತ್ತು ಮನೆಗಳ ಚೌಕ. ಒಂಬತ್ತರಲ್ಲಿ ಯಾವ ಮನೆಯಲ್ಲಿ ತಡೆದರೂ ಜೀವ ಉಳಿಯುತ್ತದೆ. ನಮ್ಮ ಅಪಘಾತ ದಾಖಲೆಗಳು ಬಹುಪಾಲು ತುಂಬುವುದು ಇವುಗಳಲ್ಲಿ ಒಂದೇ ಮನೆಯನ್ನು, ಮುಂಚಿನ ಹಂತದ ಮನುಷ್ಯನನ್ನು. 1975ರಿಂದ ಆ ದೇಶದಲ್ಲಿ ಸಾವು ಸಂಭವಿಸಿದ ಪ್ರತಿ ಅಪಘಾತದ ವಿವರವೂ, ಹೆಸರು ವಿಳಾಸ ಬಿಟ್ಟು, ಯಾರು ಬೇಕಾದರೂ ನೋಡುವಂತೆ ದಾಖಲಾಗುತ್ತಿದೆ. ಆ ದೇಶದ ರಸ್ತೆಗಳಲ್ಲಿ ಈಗಲೂ ಜನ ಸಾಯುತ್ತಾರೆ. ಆದರೆ ಎಲ್ಲಿ, ಹೇಗೆ ಎಂದು ಕೇಳಿದವರಿಗೆ ಉತ್ತರ ಸಿಗುತ್ತದೆ.

ಕಾವಲು ಕಾಯುವವರು ಯಾರು?

ನಮ್ಮ ದೇಶದಲ್ಲಿಯೂ ಒಬ್ಬ ವೈದ್ಯರೇ ಬಾಗಿಲು ತಟ್ಟಿದರು. ಕೊಯಮತ್ತೂರಿನ ಮೂಳೆ ಶಸ್ತ್ರಚಿಕಿತ್ಸಕ ಡಾ. ಎಸ್. ರಾಜಶೇಖರನ್ 2012ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ಮುರಿದ ಎಲುಬು ಜೋಡಿಸಿ ಜೋಡಿಸಿ ಬೇಸತ್ತ ಯಾವ ವೈದ್ಯನಿಗಾದರೂ ಅವರ ಮನಸ್ಸು ಅರ್ಥವಾದೀತು. 2014ರ ಏಪ್ರಿಲ್‌ನಲ್ಲಿ ನ್ಯಾಯಾಲಯ ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ರಸ್ತೆ ಸುರಕ್ಷತಾ ಸಮಿತಿ ರಚಿಸಿತು. ಕೇಂದ್ರ ಮತ್ತು ರಾಜ್ಯಗಳು ರಸ್ತೆ ಸುರಕ್ಷತೆಯ ಕಾನೂನುಗಳನ್ನು ಜಾರಿ ಮಾಡುತ್ತಿವೆಯೇ ಎಂದು ನೋಡುವುದು ಅದರ ಕೆಲಸ.

2017ರ ನವೆಂಬರ್ 30ರಂದು ಇದೇ ಪ್ರಕರಣದಲ್ಲಿ ನ್ಯಾಯಾಲಯ ಕೊಟ್ಟ ನಿರ್ದೇಶನಗಳಲ್ಲಿ ಒಂದನ್ನು ನೀವು ವಿಶೇಷವಾಗಿ ನೆನಪಿಡಬೇಕು. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ರಸ್ತೆ ಸುರಕ್ಷತಾ ಸಮಿತಿ ಇರಬೇಕು. ಪೊಲೀಸ್ ವರಿಷ್ಠರು, ಆರೋಗ್ಯ ಇಲಾಖೆಯವರು, ಲೋಕೋಪಯೋಗಿ ಎಂಜಿನಿಯರರು, ಸಾರಿಗೆ ಅಧಿಕಾರಿ, ನಾಗರಿಕರ ಪ್ರತಿನಿಧಿಗಳು ಅದರಲ್ಲಿ ಇರಬೇಕು. ತಿಂಗಳಿಗೆ ಒಮ್ಮೆಯಾದರೂ ಸೇರಬೇಕು. ನಡಾವಳಿ ಬರೆದಿಡಬೇಕು. 5 ಕಿಲೋಮೀಟರ್ ಮತ್ತು ಅದಕ್ಕಿಂತ ಉದ್ದದ ಹೊಸ ರಸ್ತೆಗಳಿಗೆ ನಕ್ಷೆಯ ಹಂತದಲ್ಲಿಯೇ ಸುರಕ್ಷತಾ ತಪಾಸಣೆ ಆಗಬೇಕೆಂಬುದೂ ಆ ನಿರ್ದೇಶನಗಳಲ್ಲಿ ಇದೆ.

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾಗಿ 198ಎ ಎಂಬ ಕಲಂ ಸೇರಿತು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ನಿಗದಿತ ಮಾನದಂಡ ಪಾಲಿಸದೆ, ಅದರಿಂದ ಯಾರಾದರೂ ಸತ್ತರೆ ಅಥವಾ ಅಂಗವಿಕಲರಾದರೆ ಹೊಣೆ ಹೊತ್ತ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಒಂದು ಜೀವದ ಮುಂದೆ ಈ ಮೊತ್ತ ಏನೂ ಅಲ್ಲ. ಆದರೂ ರಸ್ತೆ ಮಾಡಿದವರಿಗೂ ಹೊಣೆ ಇದೆ ಎಂದು ಕಾನೂನಿನಲ್ಲಿ ಬರೆದದ್ದು ದೊಡ್ಡ ಮಾತು. ಆದರೆ ಆ ಹೊಣೆ ಸಾಬೀತಾಗಬೇಕಾದರೆ ದಾಖಲೆಯಲ್ಲಿ ರಸ್ತೆಯ ತಪ್ಪು ಬರೆದಿರಬೇಕು. ಮತ್ತೆ ಕೇಸ್‌ಶೀಟಿನ ಪ್ರಶ್ನೆಯೇ ಬಂತು.

ಗುರಿ ಮತ್ತು ಫಲ

ಔಷಧಿ ಕೊಟ್ಟ ಮೇಲೆ ಜ್ವರ ಇಳಿಯಿತೇ ಎಂದು ನೋಡದ ವೈದ್ಯನನ್ನು ನೀವು ಒಪ್ಪುತ್ತೀರಾ? 2015ರಲ್ಲಿ ಬ್ರೆಸಿಲಿಯಾ ಘೋಷಣೆಗೆ ಸಹಿ ಹಾಕಿ, 2020ರೊಳಗೆ ರಸ್ತೆ ಸಾವುಗಳನ್ನು ಅರ್ಧಕ್ಕೆ ಇಳಿಸುವ ಗುರಿಯನ್ನು ಭಾರತ ಒಪ್ಪಿತು. ಆ ವರ್ಷ ಸತ್ತವರು 1,46,133. 2019ರಲ್ಲಿ 1,51,113. 2020ರಲ್ಲಿ ಕೊರೊನಾ ಲಾಕ್‌ಡೌನ್‌ನಿಂದ ರಸ್ತೆಗಳೇ ಖಾಲಿಯಾಗಿ ಸಂಖ್ಯೆ ತಗ್ಗಿತು, ಗುರಿಯ ಹತ್ತಿರಕ್ಕೂ ಬರಲಿಲ್ಲ. ಅದೇ ವರ್ಷದ ಫೆಬ್ರುವರಿಯಲ್ಲಿ ಸ್ಟಾಕ್‌ಹೋಮ್ ಸಮ್ಮೇಳನದಲ್ಲಿ ಗುರಿ 2030ಕ್ಕೆ ಹೋಯಿತು. 2023ರ ಸಂಖ್ಯೆ 1,72,890 ಎಂದು ಮೇಲೆ ಹೇಳಿದ್ದೇನೆ.

2024ರ ಡಿಸೆಂಬರ್‌ನಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿ ಅವರು ಲೋಕಸಭೆಯಲ್ಲಿಯೇ, ಅಪಘಾತಗಳನ್ನು ಅರ್ಧಕ್ಕೆ ಇಳಿಸುವ ತಮ್ಮ ಗುರಿ ಈಡೇರಲಿಲ್ಲ, ಇಳಿಯುವ ಬದಲು ಹೆಚ್ಚಿವೆ, ವಿದೇಶದ ಸಭೆಗಳಲ್ಲಿ ಮುಖ ಮರೆಸಿಕೊಳ್ಳುವಂತಾಗುತ್ತದೆ ಎಂಬ ಅರ್ಥದ ಮಾತಾಡಿದರು. ಸೋಲನ್ನು ಒಪ್ಪಿಕೊಂಡದ್ದು ಪ್ರಾಮಾಣಿಕತೆ. ಹಾಗೆ ಒಪ್ಪಿಕೊಳ್ಳಲೇಬೇಕಾಗಿ ಬಂದದ್ದು ಪ್ರತಿ ವರ್ಷದ ಲೆಕ್ಕ ಅಚ್ಚಾಗಿ ಎಲ್ಲರ ಕೈಯಲ್ಲಿ ಇದ್ದದ್ದರಿಂದ. ಲೆಕ್ಕವೇ ಇಲ್ಲದಿದ್ದರೆ 'ಪರಿಸ್ಥಿತಿ ಸುಧಾರಿಸುತ್ತಿದೆ' ಎಂದು ಯಾರು ಬೇಕಾದರೂ ಹೇಳಬಹುದಿತ್ತು.

ಆದರೆ ಈ ಲೆಕ್ಕ ತಡವಾಗಿ ಬರುತ್ತದೆ. 2022ರ ವರದಿ ಹೊರಬಂದದ್ದು 2023ರ ಅಕ್ಟೋಬರ್ ಕೊನೆಗೆ. ಅದು ರಾಜ್ಯವಾರು, ದೊಡ್ಡ ನಗರವಾರು ಇರುತ್ತದೆಯೇ ಹೊರತು ನಿಮ್ಮ ಊರಿನ ಮುಂದಿನ ತಿರುವಿನ ಮಾತು ಅದರಲ್ಲಿ ಇರುವುದಿಲ್ಲ. ಇಷ್ಟು ಹಣ ಖರ್ಚಾಯಿತು, ಅದರಿಂದ ಈ ಜಾಗದಲ್ಲಿ ಇಷ್ಟು ಸಾವು ಕಡಿಮೆಯಾಯಿತು ಎಂಬ ಜೋಡಿ ಲೆಕ್ಕವೂ ಅಲ್ಲಿ ಸಿಗುವುದಿಲ್ಲ. ಆ ಲೆಕ್ಕವನ್ನು ಕೇಳಿ ಪಡೆಯಬೇಕು.

ಲೆಕ್ಕ ತೆರೆದಿಟ್ಟಾಗ

ಬೆಂಗಳೂರು–ಮೈಸೂರು ಹೆದ್ದಾರಿ ನಮ್ಮ ಕಣ್ಣೆದುರಿನ ಉದಾಹರಣೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಈ ರಸ್ತೆಯಲ್ಲಿ ಆ ವರ್ಷದ ಮೊದಲ ಆರು ತಿಂಗಳಲ್ಲಿಯೇ ನೂರಕ್ಕೂ ಹೆಚ್ಚು ಜನ ಸತ್ತರು. ಪತ್ರಿಕೆಗಳು ದಿನವೂ ಬರೆದವು, ವಿಧಾನಮಂಡಲದಲ್ಲಿ ಪ್ರಶ್ನೆಗಳೆದ್ದವು. ಆಗ ಸಂಚಾರ ಮತ್ತು ರಸ್ತೆ ಸುರಕ್ಷತೆ ವಿಭಾಗದ ಎಡಿಜಿಪಿ ಆಗಿದ್ದ ಅಲೋಕ್ ಕುಮಾರ್ ರಸ್ತೆಯನ್ನು ಸ್ವತಃ ಪರಿಶೀಲಿಸಿದರು. ವೇಗ ಅಳೆಯುವ ರಾಡಾರ್ ಗನ್‌ಗಳು ಬಂದವು, ಗಂಟೆಗೆ 100 ಕಿಲೋಮೀಟರ್ ಮಿತಿಯನ್ನು ಬಿಗಿಯಾಗಿ ಜಾರಿ ಮಾಡಲಾಯಿತು. ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರ್‌ಗಳಿಗೆ ಮುಖ್ಯ ರಸ್ತೆಯಲ್ಲಿ ಪ್ರವೇಶ ನಿಷೇಧವಾಯಿತು. ಮುಂದೆ ಕ್ಯಾಮೆರಾಗಳೂ ಬಂದವು. ಪೊಲೀಸರು ತಿಂಗಳ ಸಾವಿನ ಸಂಖ್ಯೆಯನ್ನು ಹಿಂದಿನದರೊಂದಿಗೆ ಹೋಲಿಸಿ ಬಹಿರಂಗವಾಗಿ ಹೇಳತೊಡಗಿದರು. ಸಂಖ್ಯೆ ಎದ್ದು ಕಾಣುವಷ್ಟು ಇಳಿಯಿತು.

ಇಲ್ಲಿಯೂ ವೈದ್ಯನ ಸಂದೇಹ ಒಂದು ಉಳಿಯುತ್ತದೆ. ಮುಖ್ಯ ರಸ್ತೆಯಿಂದ ಹೊರಗೆ ಕಳಿಸಿದ ಬೈಕು, ಆಟೋದವರು ಸರ್ವೀಸ್ ರಸ್ತೆಯಲ್ಲಿ ಸುರಕ್ಷಿತವಾಗಿದ್ದಾರೆಯೇ? ಒಂದು ಕಡೆ ಬಾವು ಇಳಿದು ಇನ್ನೊಂದು ಕಡೆ ಎದ್ದರೆ ರೋಗ ವಾಸಿಯಾಯಿತು ಎನ್ನಲಾಗದು. ಆದ್ದರಿಂದ ಮುಖ್ಯ ರಸ್ತೆ, ಸರ್ವೀಸ್ ರಸ್ತೆ ಎರಡರ ಲೆಕ್ಕವನ್ನೂ ಒಟ್ಟಿಗೆ ಕೇಳಬೇಕು.

ನೀವು ಮಾಡಬಹುದಾದದ್ದು

ಮೊದಲನೆಯದಾಗಿ, ಅಪಘಾತದ ಗಾಯವನ್ನು ವೈದ್ಯರಿಗೆ ಅಪಘಾತವೆಂದೇ ಹೇಳಿ, ಹಾಗೆಯೇ ಬರೆಯಲು ಬಿಡಿ. ಆಸ್ಪತ್ರೆಯವರು ಎಂಎಲ್‌ಸಿ ರಿಜಿಸ್ಟರ್‌ನಲ್ಲಿ ಬರೆದು ಪೊಲೀಸರಿಗೆ ತಿಳಿಸುವುದರಿಂದ ನಿಮಗೆ ನಷ್ಟವಿಲ್ಲ, ಲಾಭವೇ ಇದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಜಾರಿಗೆ ತಂದ ಯೋಜನೆಯಂತೆ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ 7 ದಿನಗಳವರೆಗೆ, 1.5 ಲಕ್ಷ ರೂಪಾಯಿ ಮಿತಿಯಲ್ಲಿ ನಗದುರಹಿತ ಚಿಕಿತ್ಸೆ ಸಿಗಬೇಕು. ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೂ ಸಾವಿಗೆ 2 ಲಕ್ಷ, ಗಂಭೀರ ಗಾಯಕ್ಕೆ 50,000 ರೂಪಾಯಿ ಪರಿಹಾರವಿದೆ. ನಮ್ಮ ರೈತರಿಗೆ ಸಿಕ್ಕಿದ ಐದು ಸಾವಿರದೊಂದಿಗೆ ಇದನ್ನು ಹೋಲಿಸಿ ನೋಡಿ. 'ಜಾರಿ ಬಿದ್ದ' ಎಂದು ಬರೆದ ಚೀಟಿ ಹಿಡಿದು ಹೋದರೆ ಇವೆಲ್ಲಕ್ಕೂ ತೊಡಕು.

ಎರಡನೆಯದಾಗಿ, ಗಾಯಾಳುವನ್ನು ಆಸ್ಪತ್ರೆಗೆ ಕರೆತಂದವರು ಹೆದರಬೇಕಾಗಿಲ್ಲ. ಮೋಟಾರು ವಾಹನ ಕಾಯ್ದೆಯ 134ಎ ಕಲಂ ಅವರಿಗೆ ರಕ್ಷಣೆ ಕೊಡುತ್ತದೆ. ಹೆಸರು ಹೇಳುವಂತೆ ಅವರನ್ನು ಒತ್ತಾಯಿಸುವಂತಿಲ್ಲ. ಪೊಲೀಸರು ಬರಲಿ ಎಂದು ಚಿಕಿತ್ಸೆ ತಡಮಾಡುವಂತಿಲ್ಲ ಎಂದು 1989ರ ಪರಮಾನಂದ ಕಟಾರ ಪ್ರಕರಣದಲ್ಲಿಯೇ ಸುಪ್ರೀಂ ಕೋರ್ಟ್ ಹೇಳಿದೆ.

ಮೂರನೆಯದಾಗಿ, 'ಬ್ಲ್ಯಾಕ್ ಸ್ಪಾಟ್' ಎಂದರೆ ಏನು ಎಂದು ತಿಳಿದುಕೊಳ್ಳಿ. ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ, ಹಿಂದಿನ 3 ವರ್ಷಗಳಲ್ಲಿ ಸಾವು ಅಥವಾ ಗಂಭೀರ ಗಾಯವಾದ 5 ಅಪಘಾತಗಳು, ಇಲ್ಲವೇ ಒಟ್ಟು 10 ಸಾವುಗಳು ಸಂಭವಿಸಿದ್ದರೆ ಅದು ಬ್ಲ್ಯಾಕ್ ಸ್ಪಾಟ್. ಅದನ್ನು ಪಟ್ಟಿಗೆ ಸೇರಿಸಿ ಸರಿಪಡಿಸಬೇಕು. ಎಲುಬು ಮುರಿದರೆ ಕಾನೂನಿನ ಕಣ್ಣಿಗೆ ಅದು ಗಂಭೀರ ಗಾಯವೇ. ನನ್ನ ನಾಲ್ಕು ಚೀಟಿಗಳನ್ನೂ ಆ ಒಂದು ಸಾವನ್ನೂ ಕೂಡಿಸಿ ನೋಡಿ. ಸರಿಯಾಗಿ ಐದು.

ನಾಲ್ಕನೆಯದಾಗಿ, ಲೆಕ್ಕ ಕೇಳಿ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕೊಟ್ಟು ಅರ್ಜಿ ಹಾಕಿದರೆ 30 ದಿನಗಳಲ್ಲಿ ಉತ್ತರ ಕೊಡಬೇಕು. ರಾಜ್ಯದ ಕಚೇರಿಗಳಿಗೆ ಹಾಕುವ ಅರ್ಜಿ ಒಂದೇ ವಿಷಯಕ್ಕೆ ಸೇರಿರಲಿ, 150 ಪದ ಮೀರದಿರಲಿ. ಕೇಳಬೇಕಾದ ಪ್ರಶ್ನೆಗಳು ಸರಳ:

1. ನಮ್ಮ ತಾಲ್ಲೂಕಿನ ಹೆದ್ದಾರಿಯಲ್ಲಿ ಕಳೆದ 3 ವರ್ಷಗಳಲ್ಲಿ ಎಲ್ಲೆಲ್ಲಿ, ಎಷ್ಟು ಅಪಘಾತ, ಸಾವು, ಗಂಭೀರ ಗಾಯಗಳು ದಾಖಲಾಗಿವೆ? (ಪೊಲೀಸ್ ವರಿಷ್ಠರ ಕಚೇರಿ)

2. ಬ್ಲ್ಯಾಕ್ ಸ್ಪಾಟ್ ಪಟ್ಟಿಯಲ್ಲಿ ಯಾವ ಜಾಗಗಳಿವೆ? ಪ್ರತಿಯೊಂದಕ್ಕೂ ತಾತ್ಕಾಲಿಕ ಕ್ರಮ ಏನು, ಶಾಶ್ವತ ಕ್ರಮ ಏನು, ಖರ್ಚು ಎಷ್ಟು, ಮುಗಿದದ್ದು ಯಾವಾಗ? (ಆ ರಸ್ತೆಯನ್ನು ನೋಡಿಕೊಳ್ಳುವ ಹೆದ್ದಾರಿ ಕಚೇರಿ)

3. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಕಳೆದ 12 ತಿಂಗಳಲ್ಲಿ ಎಷ್ಟು ಬಾರಿ ಸೇರಿದೆ? ನಡಾವಳಿಯ ಪ್ರತಿ ಕೊಡಿ. (ಜಿಲ್ಲಾಧಿಕಾರಿಗಳ ಕಚೇರಿ)

4. ಸರಿಪಡಿಸಿದ ಜಾಗಗಳಲ್ಲಿ ಕೆಲಸಕ್ಕೆ ಮುಂಚೆ ಎಷ್ಟು ಸಾವು, ಆಮೇಲೆ ಎಷ್ಟು?

ಇವುಗಳಲ್ಲಿ ನಾಲ್ಕನೆಯದೇ ಮುಖ್ಯ. ಜ್ವರ ಇಳಿಯಿತೇ ಎಂಬ ಪ್ರಶ್ನೆ ಅದು. ಒಬ್ಬರೇ ಕೇಳಲು ಸಂಕೋಚವಾದರೆ ಮಹಿಳಾ ಸಂಘ, ಹಾಲು ಉತ್ಪಾದಕರ ಸಂಘ, ಶಾಲಾಭಿವೃದ್ಧಿ ಸಮಿತಿ, ಗ್ರಾಮ ಪಂಚಾಯಿತಿ ಮೂಲಕ ಕೇಳಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ಅಪಘಾತವೋ ಅಪಾಯವೋ ಕಂಡರೆ 1033ಕ್ಕೆ, ಆಂಬುಲೆನ್ಸ್‌ಗೆ 108ಕ್ಕೆ ಫೋನ್ ಮಾಡಿ.

ಕೊನೆಯ ಮಾತು

ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನನಗೇ ಅನ್ವಯಿಸುತ್ತದೆ. ಆ ಸಾವಿನ ನಂತರ ನನ್ನ ಕ್ಲಿನಿಕ್ಕಿನಲ್ಲಿ ಅಪಘಾತದ ಗಾಯಕ್ಕೆ 'ಜಾರಿ ಬಿದ್ದ' ಎಂದು ಬರೆಯುವುದು ನಿಂತಿದೆ. ಯಾರಾದರೂ ಬೇಡಿಕೊಂಡರೆ ಆ ಸಂದಿಯ ಕಥೆಯನ್ನು ಹೇಳುತ್ತೇನೆ. ಬಹಳಷ್ಟು ಜನ ಕೇಳಿ ಒಪ್ಪುತ್ತಾರೆ. ಕೆಲವರು ಸಿಟ್ಟಾಗಿ ಬೇರೆ ಡಾಕ್ಟರ ಬಳಿ ಹೋದದ್ದೂ ಇದೆ.

ಊರಿನವರೊಂದಿಗೆ ನಾನೂ ಸಹಿ ಹಾಕಿ ಮಾಹಿತಿ ಕೇಳಿದೆವು. ಎರಡು ಅರ್ಜಿ, ಒಂದು ಮೇಲ್ಮನವಿಯ ನಂತರ ಉತ್ತರ ಬಂತು. ಈಗ ಆ ಜಾಗದಲ್ಲಿ ಹಳದಿ ದೀಪ ಮಿನುಗುತ್ತದೆ, ವೇಗ ತಗ್ಗಿಸುವ ಪಟ್ಟಿಗಳಿವೆ. ಇದು ತಾತ್ಕಾಲಿಕ ಕ್ರಮ. ಕೆಳಸೇತುವೆ ಇನ್ನೂ ಕಾಗದದಲ್ಲಿದೆ. ಆರು ತಿಂಗಳಿಗೊಮ್ಮೆ ಅದು ಎಲ್ಲಿಗೆ ಬಂತು ಎಂದು ಪತ್ರ ಬರೆಯುತ್ತೇವೆ. ಪತ್ರದಲ್ಲಿ ಮೊದಲು ಸಹಿ ಹಾಕುವವರು ಆ ಹಾಲಿನ ರೈತರು. ಮುರಿದ ಎಲುಬು ಕೂಡಿದೆ, ಆದರೆ ತೋಳು ಪೂರ್ತಿ ಮೇಲೆತ್ತಲು ಅವರಿಗೆ ಈಗಲೂ ಆಗುವುದಿಲ್ಲ.